ಹಳೇ ಕೇಸನ್ನು ‘ಅಳಿಸಿಹಾಕಿಸಬೇಕಾ’? ಮೊದಲು ಅದು ಎಲ್ಲೆಲ್ಲಿ ಬರೆದಿದೆ ನೋಡೋಣ

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು, ವಯಸ್ಸು 27. 2021ರಲ್ಲಿ ಹೊಲದ ಬದುವಿನ ವಿಷಯಕ್ಕೆ ನಮಗೂ ನಮ್ಮ ಕಾಕಾನ ಮನೆಯವರಿಗೂ ಹೊಡೆದಾಟ ಆಯಿತು. ಕಾಕಾನ ಮಗನ ತಲೆಗೆ ಬಡಿಗೆ ಏಟು ಬಿದ್ದು ಎರಡು ಹೊಲಿಗೆ ಹಾಕಿದರು. ನನ್ನ ಮೇಲೆ, ಅಣ್ಣನ ಮೇಲೆ, ಅಪ್ಪನ ಮೇಲೆ ಐಪಿಸಿ 323, 324, 504, 506, ಜೊತೆಗೆ 34 ಹಾಕಿ ಕೇಸಾಯಿತು. ಸ್ಟೇಷನ್‌ನಲ್ಲೇ ಬೇಲ್ ಕೊಟ್ಟು ಕಳಿಸಿದರು. ಚಾರ್ಜ್‌ಶೀಟ್ ಆಗಿದೆ, ಈಗ ಕೋರ್ಟಿನಲ್ಲಿ ವಾಯಿದೆ ಮೇಲೆ ವಾಯಿದೆ. ಅವರ ಕಡೆಯವರ ಮೇಲೂ ನಾವು ಕೇಸು ಕೊಟ್ಟಿದ್ದೆವು. ಎರಡೂ ಮನೆ ಈಗ ಒಂದಾಗಿವೆ, ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ ಅಂತ ಕಾಕಾನೇ ಹೇಳುತ್ತಾರೆ. ನಾನು ಬೆಂಗಳೂರಿನಲ್ಲಿ ಖಾಸಗಿ ಕೆಲಸ ಮಾಡಿಕೊಂಡು ಪಿಎಸ್‌ಐ ಮತ್ತು ಗ್ರಾಮ ಆಡಳಿತಾಧಿಕಾರಿ ಪರೀಕ್ಷೆಗೆ ಓದುತ್ತಿದ್ದೇನೆ. ಅಮೆರಿಕದಲ್ಲಿರುವ ಸೋದರಮಾವನ ಮಗ ‘ರೆಕಾರ್ಡ್ ಎಕ್ಸ್‌ಪಂಜ್ ಮಾಡಿಸಿಬಿಡು’, ಅಂದರೆ ಅಳಿಸಿಹಾಕಿಸು, ಅಂದ. ಊರಲ್ಲಿ ಒಬ್ಬರು ‘ತಪ್ಪು ಒಪ್ಪಿಕೊಂಡು ದಂಡ ಕಟ್ಟು, ಒಂದೇ ದಿನಕ್ಕೆ ಮುಗಿಯುತ್ತೆ’ ಅಂತಾರೆ. ಇನ್ನೊಬ್ಬರು 60 ಸಾವಿರ ಕೊಟ್ಟರೆ ಕಂಪ್ಯೂಟರಿನಿಂದಲೇ ತೆಗೆಸಿಕೊಡುತ್ತಾರಂತೆ. ಹೈಕೋರ್ಟಿಗೆ ಹೋಗಿ ದುಡ್ಡು ಖರ್ಚು ಮಾಡೋದು ಬೇಕಾ, ಅಥವಾ ಹೀಗೇ ಬಿಡಲಾ?

ಉತ್ತರ: ಮೊದಲು ನಿಮಗೆ ಸಲಹೆ ಕೊಟ್ಟ ಮೂವರ ಬಗ್ಗೆ. ಅಮೆರಿಕದವರು ಹೇಳಿದ್ದು ಇಲ್ಲಿ ಇಲ್ಲ. ದಂಡ ಕಟ್ಟು ಅಂದವರ ಮಾತು ಕೇಳಿದರೆ ಕೆಡುತ್ತೀರಿ. 60 ಸಾವಿರದವರ ಫೋನ್ ಇನ್ನು ಮೇಲೆ ಎತ್ತಬೇಡಿ. ಉಳಿದದ್ದು ಹೈಕೋರ್ಟು. ಅಲ್ಲಿಗೆ ಹೋಗಿ ಅಂತಲೇ ನಾನು ಹೇಳುತ್ತೇನೆ. ಆದರೆ ಅಳಿಸಲು ಹೋಗುತ್ತಿದ್ದೇನೆ ಅಂದುಕೊಂಡು ಹೋಗಬೇಡಿ, ಮುಗಿಸಲು ಹೋಗಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ, ಯಾಕೆ ಅಂತ ಹೇಳುತ್ತೇನೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಇಷ್ಟು ವರ್ಷ ಸುಮ್ಮನಿದ್ದರೆ, ಇಂಥ ಸಣ್ಣ ತಪ್ಪಾದರೆ, ಕೋರ್ಟಿಗೆ ಅರ್ಜಿ ಹಾಕಿ ದಾಖಲೆ ಅಳಿಸಲು ಅಥವಾ ಮುಚ್ಚಿಡಲು ಕಾನೂನು ಇದೆ. ನಿಮ್ಮ ಮಾವನ ಮಗ ಹೇಳಿದ್ದು ಅದನ್ನೇ. (ಅಲ್ಲೂ ಅದು ಪೂರ್ತಿ ಅಳಿಸಿದ ಹಾಗಲ್ಲ. ಪೌರತ್ವಕ್ಕೆ ಅರ್ಜಿ ಹಾಕುವ ನಮ್ಮವರನ್ನು ವಲಸೆ ಇಲಾಖೆ ಅಳಿಸಿದ ಕೇಸಿನ ಬಗ್ಗೆಯೂ ಕೇಳುತ್ತದೆ.) ನಮ್ಮ ದೇಶದಲ್ಲಿ ದೊಡ್ಡವರಿಗೆ ಅಂಥ ಸಾಮಾನ್ಯ ಕಾನೂನೇ ಇಲ್ಲ. ಮಕ್ಕಳಿಗೆ ಇದೆ. 18 ತುಂಬುವ ಮೊದಲು ಆದ ತಪ್ಪಾದರೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಆ ಶಿಕ್ಷೆಯಿಂದ ಯಾವ ಅನರ್ಹತೆಯೂ ಅಂಟುವಂತಿಲ್ಲ, ಮೇಲ್ಮನವಿ ಅವಧಿ ಮುಗಿದ ಮೇಲೆ ದಾಖಲೆ ನಾಶ ಮಾಡಿಸಬೇಕು. 16 ದಾಟಿದವರು ಘೋರ ಅಪರಾಧದಲ್ಲಿ ದೊಡ್ಡವರ ಹಾಗೆ ವಿಚಾರಣೆ ಎದುರಿಸಿದ್ದರೆ ಮಾತ್ರ ಇದು ಸಿಗುವುದಿಲ್ಲ. ನಿಮಗೆ ಆಗ 20 ದಾಟಿತ್ತು, ಹಾಗಾಗಿ ಈ ಬಾಗಿಲು ಇಲ್ಲ.

ನಿಜವಾಗಿ ‘ನಾಶ’ ಅನ್ನುವ ಪದ ಬರುವ ಇನ್ನೊಂದು ಜಾಗ ಬೆರಳಚ್ಚು. ಪೊಲೀಸರು ತೆಗೆದ ಬೆರಳಚ್ಚು, ಫೋಟೊ, ಅಳತೆಗಳನ್ನು 75 ವರ್ಷ ಇಟ್ಟುಕೊಳ್ಳಬಹುದು ಅಂತ 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಹೇಳುತ್ತದೆ. ಆದರೆ ಹಿಂದೆ ಯಾವ ಶಿಕ್ಷೆಯೂ ಆಗದವರು ಆರೋಪದಿಂದ ಬಿಡುಗಡೆಯಾದರೆ ಅಥವಾ ಮೇಲ್ಮನವಿಗಳೆಲ್ಲ ಮುಗಿದು ಖುಲಾಸೆಯಾದರೆ, ಕೋರ್ಟು ಬೇರೆ ಆದೇಶ ಮಾಡದಿದ್ದರೆ, ಅದನ್ನು ನಾಶಪಡಿಸಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಬದುವಿನ ಜಗಳಕ್ಕೆ ನಿಮ್ಮ ಬೆರಳಚ್ಚು ತೆಗೆದಿರುವುದು ಅನುಮಾನ. ತೆಗೆದಿದ್ದರೆ ನೆನಪಿಡಿ, ಅಷ್ಟೇ.

ಈಗ ‘ರೆಕಾರ್ಡ್’ ಅಂದರೆ ಏನು ಅಂತ ನೋಡೋಣ, ಎಲ್ಲರೂ ಎಡವುವುದು ಇಲ್ಲೇ. ಎಲ್ಲೋ ಒಂದು ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಕೆಂಪು ಗುರುತಿದೆ, ಯಾರಾದರೂ ಒಂದು ಬಟನ್ ಒತ್ತಿದರೆ ಅದು ಹೋಗುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ನಿಮ್ಮ ಎಫ್‌ಐಆರ್ ಠಾಣೆಯ ಪುಸ್ತಕದಲ್ಲಿದೆ. ದೇಶದ ಠಾಣೆಗಳನ್ನೆಲ್ಲ ಜೋಡಿಸುವ ಸಿಸಿಟಿಎನ್‌ಎಸ್ ಜಾಲದಲ್ಲಿದೆ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದ್ದರಿಂದ ಅಲ್ಲೂ ಬಂದಿರುತ್ತದೆ. ಚಾರ್ಜ್‌ಶೀಟ್ ಕೋರ್ಟಿನ ಕಡತದಲ್ಲಿ, ಸರ್ಕಾರಿ ವಕೀಲರ ಕಚೇರಿಯಲ್ಲಿ. ಗಾಯದ ಬಗ್ಗೆ ವೈದ್ಯರು ಬರೆದುಕೊಟ್ಟ ವೂಂಡ್ ಸರ್ಟಿಫಿಕೇಟಿನ ಪ್ರತಿ ಆಸ್ಪತ್ರೆಯಲ್ಲಿ. ಇ-ಕೋರ್ಟ್ಸ್ ತಾಣದಲ್ಲಿ ಯಾರು ಬೇಕಾದರೂ ನಿಮ್ಮ ಹೆಸರು ಹೊಡೆದು ಕೇಸು ಹುಡುಕಬಹುದು. ಇದೆಲ್ಲದರ ಮೇಲೆ ಬೀಟ್ ಪೊಲೀಸರು ವೆರಿಫಿಕೇಶನ್‌ಗೆ ಊರಿಗೆ ಬಂದರೆ ಕಟ್ಟೆ ಮೇಲೆ ಕೂತ ಅಜ್ಜನೇ ‘ಹೌದ್ರೀ, ಬಡಿಗೆ ಜಗಳ ಆಗಿತ್ತು’ ಅನ್ನುತ್ತಾರೆ. 60 ಸಾವಿರದವರು ಇದರಲ್ಲಿ ಯಾವುದನ್ನು ತೆಗೆಸುತ್ತಾರೆ ಕೇಳಿ ನೋಡಿ. ಒಂದು ವೇಳೆ ಯಾರೋ ಒಳಗಿನವರು ಒಂದು ಕಡೆ ಏನೋ ತಿದ್ದಿದರು ಅಂತಲೇ ಇಟ್ಟುಕೊಳ್ಳಿ, ಸರ್ಕಾರಿ ದಾಖಲೆ ತಿದ್ದಿಸಿದ ಹೊಸ ಕೇಸು ನಿಮ್ಮ ಮೇಲೆ ಬೀಳುತ್ತದೆ. ಅದು ಬದುವಿನ ಜಗಳದ ಹಾಗೆ ಸಣ್ಣದಲ್ಲ.

ಈ ಜಾಗಗಳಿಂದೆಲ್ಲ ಅಳಿಸಲು ಆಗುವುದಿಲ್ಲ. ಆದರೆ ಅಲ್ಲಿ ‘ವಿಚಾರಣೆ ಬಾಕಿ ಇದೆ’ ಅಂತ ಇರುವುದನ್ನು ‘ಮುಗಿದಿದೆ’ ಅಂತ ಮಾಡಬಹುದು. ನಿಮಗೆ ಬೇಕಾಗಿರುವುದು ಅದು. ಹೇಗೆ ಮುಗಿಯಿತು ಅನ್ನುವುದು ಇನ್ನೂ ಮುಖ್ಯ.

ತಪ್ಪು ಒಪ್ಪಿಕೊಂಡು ದಂಡ ಕಟ್ಟುವ ದಾರಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಿಂದ ಹಾಳಾದವರನ್ನು ನಾನು ಜಾಸ್ತಿ ನೋಡಿದ್ದೇನೆ. ಹಳ್ಳಿ ಕಡೆ ಇದನ್ನು ‘ಫೈನ್ ಕಟ್ಟಿ ಕೇಸು ಕ್ಲೋಸ್ ಮಾಡೋದು’ ಅಂತಾರೆ, ಕೇಳಲು ಕರೆಂಟ್ ಬಿಲ್ ಕಟ್ಟಿದ ಹಾಗಿದೆ. ನ್ಯಾಯಾಧೀಶರು ತಪ್ಪು ಒಪ್ಪುತ್ತೀರಾ ಅಂತ ಕೇಳುತ್ತಾರೆ, ನೀವು ಹೌದು ಅನ್ನುತ್ತೀರಿ, ಅವರು ದಂಡ ಹಾಕುತ್ತಾರೆ, ಮಧ್ಯಾಹ್ನಕ್ಕೆ ಬಸ್ ಹತ್ತುತ್ತೀರಿ. ಆದರೆ ಕಾನೂನಿನಲ್ಲಿ ಅದರ ಹೆಸರು ಕನ್ವಿಕ್ಷನ್. ದೋಷಿ ಅಂತ ತೀರ್ಮಾನವಾಗಿ ಶಿಕ್ಷೆಯಾಗಿದೆ, ಶಿಕ್ಷೆ ದಂಡದ ರೂಪದಲ್ಲಿದೆ, ಅಷ್ಟೇ ವ್ಯತ್ಯಾಸ. ನಾಳೆ ಯಾವುದೇ ಫಾರಂನಲ್ಲಿ ‘ನಿಮಗೆ ಎಂದಾದರೂ ಶಿಕ್ಷೆ ಅಥವಾ ದಂಡ ಆಗಿದೆಯೇ’ ಅಂದರೆ ಹೌದು ಅನ್ನಲೇಬೇಕು. ದೀಪಾವಳಿಯಲ್ಲಿ ಅಂದರ್ ಬಾಹರ್ ಆಡಿ ಸಿಕ್ಕಿಬಿದ್ದು, ಎಲ್ಲರ ಜೊತೆ ಸಾಲಾಗಿ ನಿಂತು ‘ಹೌದು ಸ್ವಾಮಿ’ ಅಂದು ದಂಡ ಕಟ್ಟಿ ಬಂದ ಒಬ್ಬ ಹುಡುಗ, ಆರು ವರ್ಷ ಆದ ಮೇಲೆ ನೇಮಕಾತಿ ಪತ್ರ ಕೈಗೆ ಬರುವ ಹೊತ್ತಿಗೆ ನನ್ನ ಆಫೀಸಿಗೆ ಓಡಿ ಬಂದ. ತನಗೆ ಶಿಕ್ಷೆ ಆಗಿದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಫಾರಂನಲ್ಲಿ ಇಲ್ಲ ಅಂತ ಬರೆದು ಕೊಟ್ಟಾಗಿತ್ತು.

ಹೀಗೆ ಈಗಾಗಲೇ ಒಪ್ಪಿಕೊಂಡು ಕೂತವರಿಗೆ ಒಂದು ಮಾತು. ಆದೇಶದ ಪ್ರತಿ ತೆಗೆಸಿ, ಅದರಲ್ಲಿ 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆ ಅಡಿ ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆ ಬಾಂಡ್ ಬರೆಸಿಕೊಂಡು ಬಿಟ್ಟಿದ್ದಾರಾ ನೋಡಿ. ಹಾಗಿದ್ದರೆ 12ನೇ ಕಲಂ ಪ್ರಕಾರ ಶಿಕ್ಷೆಯಿಂದ ಬರುವ ಅನರ್ಹತೆ ನಿಮಗೆ ಅಂಟುವುದಿಲ್ಲ. ಆದರೂ ತಪ್ಪು ಮಾಡಿಲ್ಲ ಅಂತ ಅದರ ಅರ್ಥ ಅಲ್ಲ, ಕೆಲಸ ಕೊಡುವವರು ನಡತೆ ನೋಡುವಾಗ ಅದನ್ನೂ ನೋಡುತ್ತಾರೆ.

ನಿಮ್ಮ ವಿಷಯಕ್ಕೆ ಬರೋಣ. ರಾಜಿ ಆಗಿದೆ, ಹಾಗಾದರೆ ಕೆಳ ಕೋರ್ಟಿನಲ್ಲೇ ಲೋಕ ಅದಾಲತ್ ದಿನ ಸಹಿ ಹಾಕಿ ಮುಗಿಸಬಾರದಾ ಅಂತ ನಿಮಗೆ ಅನ್ನಿಸಿರಬಹುದು. ನಿಮ್ಮ ಮೇಲಿರುವ 323 (ಹೊಡೆದದ್ದು), 504 (ಅವಮಾನಿಸಿ ಕೆಣಕಿದ್ದು), 506 (ಬೆದರಿಸಿದ್ದು) ಮೂರೂ ಹಾಗೆ ರಾಜಿಯಾಗುವ ಕಲಂಗಳೇ. ಹಾಗೆ ರಾಜಿಯಾದರೆ ಅದಕ್ಕೆ ಖುಲಾಸೆಯಷ್ಟೇ ಬೆಲೆ. ಅಡ್ಡ ನಿಂತಿರುವುದು 324. ಬಡಿಗೆಯಂಥ ಅಪಾಯದ ವಸ್ತುವಿನಿಂದ ಗಾಯ ಮಾಡಿದ್ದು ಅಂತ ಆ ಕಲಂ. ಹಿಂದೆ ಅದೂ ರಾಜಿ ಪಟ್ಟಿಯಲ್ಲಿತ್ತು, ತಿದ್ದುಪಡಿಯಲ್ಲಿ ತೆಗೆದರು. ಅಣ್ಣತಮ್ಮಂದಿರ ಜಗಳಗಳಲ್ಲಿ ಈ ಒಂದು ಕಲಂನಿಂದ ಎಷ್ಟು ಮನೆಗಳು ರಾಜಿಯಾದ ಮೇಲೂ ಕೋರ್ಟಿಗೆ ಅಲೆಯುತ್ತಿವೆ ಅಂತ ಹೇಳಲು ಹೋದರೆ ಅದೇ ಒಂದು ಕಥೆ.

ಅದಕ್ಕೇ ಹೈಕೋರ್ಟು. ಕೆಳ ಕೋರ್ಟಿಗೆ ಇಲ್ಲದ ಒಂದು ಅಧಿಕಾರ ಅದಕ್ಕಿದೆ, ನ್ಯಾಯಕ್ಕೆ ಬೇಕು ಅನ್ನಿಸಿದರೆ ಇಡೀ ಕೇಸನ್ನೇ ರದ್ದು ಮಾಡಬಹುದು. ವಕೀಲರ ಬಾಯಲ್ಲಿ ಇದು ‘482’ ಅಂತಲೇ ಓಡಾಡುತ್ತದೆ, ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಕಲಂ ಅದು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿರುವುದರಿಂದ ನೀವು ಈಗ ಹಾಕುವ ಅರ್ಜಿ ಅದರ 528ನೇ ಕಲಂ ಅಡಿ ಹೋಗುತ್ತದೆ. ಜಗಳ 2021ರದ್ದಾದ್ದರಿಂದ ಅಪರಾಧದ ಕಲಂಗಳು ಹಳೇ ಐಪಿಸಿಯವೇ ಇರುತ್ತವೆ, ಎರಡು ಕಾಯ್ದೆಯ ಹೆಸರು ಒಂದೇ ಅರ್ಜಿಯಲ್ಲಿ ಕಂಡರೆ ವಕೀಲರು ತಪ್ಪು ಬರೆದಿದ್ದಾರೆ ಅಂದುಕೊಳ್ಳಬೇಡಿ. ಹಾವೇರಿ ಜಿಲ್ಲೆ ಧಾರವಾಡ ಪೀಠಕ್ಕೆ ಸೇರುತ್ತದೆ, ಬೆಂಗಳೂರಿನಲ್ಲಿ ಹಾಕುವ ಹಾಗಿಲ್ಲ.

ರದ್ದು ಮಾಡಿಸಲು ಎರಡು ದಾರಿ. ಒಂದು, ಕೇಸೇ ಸುಳ್ಳು, ದೂರು ಓದಿದರೆ ಅಪರಾಧವೇ ಕಾಣುವುದಿಲ್ಲ ಅಂತ ವಾದಿಸುವುದು. ಯಾವ ಯಾವ ಸಂದರ್ಭದಲ್ಲಿ ಹೀಗೆ ರದ್ದು ಮಾಡಬಹುದು ಅಂತ ಭಜನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ಏಳು ಉದಾಹರಣೆ ಕೊಟ್ಟಿದೆ. ಇದು ನಿಮಗೆ ಹೊಂದುವುದಿಲ್ಲ. ಏಟು ಬಿದ್ದಿದೆ, ಹೊಲಿಗೆ ಹಾಕಿದ್ದಾರೆ, ವೂಂಡ್ ಸರ್ಟಿಫಿಕೇಟ್ ಇದೆ. ಎರಡನೆಯದು ರಾಜಿ. 2012ರ ಗಿಯಾನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇಷ್ಟು: ಕಲಂ ರಾಜಿ ಪಟ್ಟಿಯಲ್ಲಿ ಇಲ್ಲದಿದ್ದರೂ, ಜಗಳ ಮೂಲತಃ ಇಬ್ಬರ ನಡುವಿನದಾದರೆ, ಅವರು ನಿಜವಾಗಿ ಒಂದಾಗಿದ್ದರೆ, ಹೈಕೋರ್ಟು ಕೇಸು ರದ್ದು ಮಾಡಬಹುದು. ಕೊಲೆ, ಅತ್ಯಾಚಾರ, ದರೋಡೆ, ಲಂಚದಂಥ ಪ್ರಕರಣಗಳಿಗೆ ಇದು ಸಲ್ಲದು. ಬದುವಿನ ಜಗಳ, ರಕ್ತಸಂಬಂಧಿಗಳು, ಸಣ್ಣ ಗಾಯ, ಹೊಲದ ತಂಟೆಯೂ ಮುಗಿದಿದೆ. ನಿಮ್ಮ ಕೇಸು ಈ ತೀರ್ಪಿಗೆ ಚೆನ್ನಾಗಿ ಹೊಂದುತ್ತದೆ.

ಇಲ್ಲಿ ಕೆಲವು ಕಡೆ ಜನ ಜಾರುತ್ತಾರೆ. ನಿಮ್ಮ ಒಬ್ಬರ ಹೆಸರಲ್ಲಿ ಅರ್ಜಿ ಹಾಕಬೇಡಿ, ಅಣ್ಣ, ಅಪ್ಪ ಮೂವರೂ ಸೇರಿ ಹಾಕಿ. ‘ಕೆಲಸ ಬೇಕಾಗಿರೋದು ಇವನಿಗೆ ತಾನೆ, ನಮ್ಮದು ಇರಲಿ ಬಿಡಿ’ ಅಂತ ಅಪ್ಪಂದಿರು ಹೇಳುತ್ತಾರೆ, ಆಮೇಲೆ ಅವರೇ ಎಪ್ಪತ್ತರ ವಯಸ್ಸಿನಲ್ಲಿ ವಾಯಿದೆಗೆ ಅಲೆಯುತ್ತಾರೆ. ಎದುರುಗಡೆ ಕಾಕಾ ಮಾತ್ರ ಸಾಲದು. ದೂರು ಕೊಟ್ಟವರು ಒಬ್ಬರು, ಏಟು ತಿಂದವರು ಇನ್ನೊಬ್ಬರು. ಕಾಕಾನ ಮಗನ ಒಪ್ಪಿಗೆ ಕಾಕಾನ ಒಪ್ಪಿಗೆಗಿಂತ ಮುಖ್ಯ. ಇಬ್ಬರೂ ಪ್ರಮಾಣಪತ್ರಕ್ಕೆ ಸಹಿ ಮಾಡಬೇಕು, ನ್ಯಾಯಮೂರ್ತಿಗಳ ಮುಂದೆ ಆಧಾರ್ ಹಿಡಿದು ನಿಲ್ಲಲೂ ತಯಾರಿರಬೇಕು, ಒತ್ತಾಯಕ್ಕೆ ಬಂದಿದ್ದೀರಾ ಅಂತ ಕೇಳಿದರೆ ಇಲ್ಲ ಅನ್ನಬೇಕು. ಸರ್ಕಾರಿ ವಕೀಲರು ಇರುತ್ತಾರೆ, ಅವರು ಆಕ್ಷೇಪ ಎತ್ತಿದರೂ ಗಾಬರಿ ಬೇಡ, ಅದು ಅವರ ಕೆಲಸ.

ಇನ್ನು ಕೌಂಟರ್ ಕೇಸು, ಅಂದರೆ ನೀವು ಅವರ ಮೇಲೆ ಕೊಟ್ಟದ್ದು. ನೀವು ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ನಾನು ಅಲ್ಲೇ ನಿಂತೆ. ನಿಮ್ಮ ಕೇಸು ರದ್ದಾಗಿ ಕಾಕಾನ ಮನೆಯವರ ಮೇಲಿನದು ಹಾಗೇ ಉಳಿದರೆ, ಆರು ತಿಂಗಳಿಗೆ ಅವರಿಗೆ ಸಮನ್ಸ್ ಬಂದ ದಿನ ಈ ರಾಜಿ ಮುರಿಯುತ್ತದೆ. ನಿಮ್ಮದೂ ಅವರದೂ ಎರಡೂ ಅರ್ಜಿ ಒಂದೇ ದಿನ ಹಾಕಿ, ಒಟ್ಟಿಗೆ ಕೇಳಿ ಅಂತ ಕೋರ್ಟನ್ನು ಕೋರಿ.

ಆದರೆ ಒಂದು ‘ಆದರೆ’ ಇದೆ. ಕೆಳ ಕೋರ್ಟಿನಲ್ಲಿ ಕೇಸು ಯಾವ ಹಂತದಲ್ಲಿದೆ ಅಂತ ನೀವು ಬರೆದಿಲ್ಲ. ಇನ್ನೂ ಚಾರ್ಜ್ ಓದಿಲ್ಲ, ಅಥವಾ ಓದಿ ಸಾಕ್ಷಿ ಶುರುವಾಗಿಲ್ಲ ಅಂದರೆ ಹೈಕೋರ್ಟೇ ಸರಿ. ಸಾಕ್ಷಿಗಳೆಲ್ಲ ಮುಗಿದು ವಾದಕ್ಕೆ ಬಂದಿದ್ದರೆ ನಾನಾದರೆ ತೀರ್ಪಿಗೆ ಕಾಯುತ್ತೇನೆ. ಯಾಕೆಂದರೆ ಸಾಕ್ಷಿ ತೂಗಿ ನೋಡಿ ‘ಇವರು ಹೊಡೆದದ್ದು ಸಾಬೀತಾಗಿಲ್ಲ’ ಅಂತ ಬಂದ ಖುಲಾಸೆಗೆ ಇರುವ ತೂಕ ರಾಜಿ ಆದೇಶಕ್ಕೆ ಇಲ್ಲ, ಅದರಲ್ಲೂ ನೀವು ಪೊಲೀಸ್ ಕೆಲಸ ಬಯಸುತ್ತಿರುವಾಗ. ಸಾಕ್ಷಿಗಳೆಲ್ಲ ತಿರುಗಿಬಿದ್ದು ಆದ ಖುಲಾಸೆಯಾದರೆ ಎರಡೂ ಹೆಚ್ಚುಕಡಿಮೆ ಒಂದೇ. ‘ಗೌರವಯುತ ಖುಲಾಸೆ’ ಅನ್ನುವ ಮಾತು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಎಲ್ಲೂ ಇಲ್ಲ, ಅದನ್ನು ಸುಪ್ರೀಂ ಕೋರ್ಟೇ ಹೇಳಿದೆ. ಆದರೂ ನೇಮಕಾತಿ ಮಾಡುವವರು ತೀರ್ಪಿನ ಕೊನೇ ಪುಟ ತಿರುಗಿಸಿ ‘ಸಂಶಯದ ಲಾಭ’ ಅಂತ ಇದೆಯಾ, ‘ರಾಜಿಯಾಗಿದೆ’ ಅಂತ ಇದೆಯಾ ಅಂತಲೇ ಹುಡುಕುತ್ತಾರೆ.

ಪಿಎಸ್‌ಐ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ, ಆಸೆ ತೋರಿಸಿ ಆಮೇಲೆ ಬೇಸರ ಮಾಡುವುದು ಬೇಡ. ದೆಹಲಿ ಪೊಲೀಸ್ ನೇಮಕಾತಿಯ ಎರಡು ಪ್ರಕರಣ ಇವೆ. 2011ರಲ್ಲಿ, ಹರೆಯದಲ್ಲಿ ಆದ ಹೊಡೆದಾಟ, ರಾಜಿಯಾಗಿ ಖುಲಾಸೆ, ಅದನ್ನು ಅರ್ಜಿಯಲ್ಲಿ ಹೇಳದೆ ಬಿಟ್ಟ ಹುಡುಗನನ್ನು ಸುಪ್ರೀಂ ಕೋರ್ಟ್ ಕ್ಷಮಿಸಿತು. ಎರಡು ವರ್ಷಕ್ಕೆ, 2013ರಲ್ಲಿ, ಅದೇ ಕೋರ್ಟಿನ ಇನ್ನೊಂದು ಪೀಠ ಬೇರೆ ದಾರಿ ಹಿಡಿಯಿತು. ರಾಜಿಯಿಂದ ಖುಲಾಸೆಯಾದ ಮಾತ್ರಕ್ಕೆ ಪೊಲೀಸ್ ಕೆಲಸ ಕೊಡಲೇಬೇಕು ಅಂತಿಲ್ಲ, ಶಿಸ್ತಿನ ಪಡೆಗೆ ಯಾರು ಬೇಕು ಅಂತ ನೋಡುವ ಅಧಿಕಾರ ಇಲಾಖೆಗೆ ಇದೆ ಅಂದಿತು. ಈಗಲೂ ವಾದ ಈ ಎರಡರ ನಡುವೆ ಜಗ್ಗಾಡುತ್ತದೆ. ಹಾಗಾಗಿ ಹೈಕೋರ್ಟಿನ ಆದೇಶ ಕೈಯಲ್ಲಿದ್ದರೂ ಪಿಎಸ್‌ಐ ಖಾತ್ರಿ ಇಲ್ಲ. ಇಲ್ಲದಿದ್ದರೆ, ಕೇಸು ಬಾಕಿ ಇಟ್ಟುಕೊಂಡು ಹೋದರೆ, ಬಹಳ ಕಷ್ಟ. ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಅಷ್ಟು ಬಿಗಿ ಇರುವುದಿಲ್ಲ ಅನ್ನುವುದು ನನ್ನ ಅನುಭವ. ಓದುವುದನ್ನಂತೂ ನಿಲ್ಲಿಸಬೇಡಿ.

ಈಗ ಫಾರಂ. ನನ್ನನ್ನು ಕೇಳಿದರೆ ಹುಡುಗರ ಕೆಲಸ ಹೋಗುವುದು ಕೇಸಿನಿಂದ ಅಲ್ಲ, ಫಾರಂನಿಂದ. ಆಯ್ಕೆಯಾದ ಮೇಲೆ ಕೊಡುವ ಅಟೆಸ್ಟೇಷನ್ ಫಾರಂನಲ್ಲಿ ಸಾಮಾನ್ಯವಾಗಿ ಒಂದು ಸಾಲಿಗೆ ಪ್ರಶ್ನೆಗಳು ಇರುತ್ತವೆ. ನಿಮ್ಮನ್ನು ಎಂದಾದರೂ ಬಂಧಿಸಿದ್ದಾರೆಯೇ, ಮೊಕದ್ದಮೆ ಹೂಡಿದ್ದಾರೆಯೇ, ಮುಚ್ಚಳಿಕೆ ಬರೆಸಿಕೊಂಡಿದ್ದಾರೆಯೇ, ದಂಡ ಹಾಕಿದ್ದಾರೆಯೇ, ಈಗ ಯಾವುದಾದರೂ ಕೇಸು ಬಾಕಿ ಇದೆಯೇ. ಒಂದೊಂದೂ ಬೇರೆ ಪ್ರಶ್ನೆ. ಹೈಕೋರ್ಟು ರದ್ದು ಮಾಡಿದ ಮೇಲೆ ‘ಬಾಕಿ ಇದೆಯೇ’ ಅಂದರೆ ಇಲ್ಲ ಅನ್ನಬಹುದು. ‘ಎಂದಾದರೂ’ ಅಂತ ಕೇಳಿದ್ದರೆ ಹೌದು ಅಂತಲೇ ಬರೆದು, ಪಕ್ಕದಲ್ಲಿ ಕೇಸಿನ ನಂಬರ್, ಆದೇಶದ ದಿನಾಂಕ ಹಾಕಿ ಪ್ರತಿ ಲಗತ್ತಿಸಬೇಕು. ನಿಮ್ಮ ಸ್ಟೇಷನ್ ಬೇಲ್ ಕೂಡ ಇಲ್ಲಿ ಬರುತ್ತದೆ. ‘ನನ್ನನ್ನು ಅರೆಸ್ಟ್ ಮಾಡಿರಲಿಲ್ಲ, ಚಹಾ ಕುಡಿಸಿ ಕಳಿಸಿದರು’ ಅಂತ ಹೇಳುವವರು ಬಹಳ. ಬೇಲ್ ಕೊಟ್ಟಿದ್ದಾರೆ ಅಂದರೆ ಕಾಗದದಲ್ಲಿ ಅರೆಸ್ಟ್ ತೋರಿಸಿರುತ್ತಾರೆ. ಬರೀ ನೋಟಿಸ್ ಕೊಟ್ಟು ಕರೆಸಿದ್ದರೆ ಅದು ಬೇರೆ. ಚಾರ್ಜ್‌ಶೀಟಿನಲ್ಲಿ ಏನಿದೆ ಓದಿಕೊಳ್ಳಿ. ಹಾಗೇ ಜಗಳ ಆದಾಗ ತಹಶೀಲ್ದಾರರ ಮುಂದೆ 107 ಕೇಸಿನಲ್ಲಿ, ಶಾಂತಿ ಕಾಪಾಡುತ್ತೇನೆ ಅಂತ, ಬಾಂಡ್ ಬರೆದುಕೊಟ್ಟಿದ್ದರೆ ಅದು ಅಪರಾಧವೂ ಅಲ್ಲ, ಶಿಕ್ಷೆಯೂ ಅಲ್ಲ, ಆದರೆ ಮುಚ್ಚಳಿಕೆಯ ಪ್ರಶ್ನೆಗೆ ಉತ್ತರ ಹೌದು.

ನಿಮ್ಮ ವಕೀಲರಿಗೆ 2016ರ ಅವತಾರ್ ಸಿಂಗ್ ತೀರ್ಪು ನೋಡಿ ಅನ್ನಿ. ಫಾರಂನಲ್ಲಿ ಮಾಹಿತಿ ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಎಲ್ಲರೂ ಹಿಡಿಯುವ ತೀರ್ಪು ಅದು. ಅಲ್ಲಿ ಅಭ್ಯರ್ಥಿಗೆ ಅನುಕೂಲವಾದ ಮಾತುಗಳೂ ಇವೆ. ಕ್ಷುಲ್ಲಕ ಪ್ರಕರಣವಾದರೆ ಮುಚ್ಚಿಟ್ಟದ್ದನ್ನೂ ಇಲಾಖೆ ಮನ್ನಿಸಬಹುದು. ಸಣ್ಣ ಕೇಸು ಬಾಕಿ ಇದೆ ಅಂತ ನಿಜ ಹೇಳಿದವರಿಗೆ, ಕೇಸಿನ ತೀರ್ಪಿಗೆ ಒಳಪಟ್ಟು ಕೆಲಸ ಕೊಡಬಹುದು. ಫಾರಂನಲ್ಲಿ ಸ್ಪಷ್ಟವಾಗಿ ಕೇಳದ ಸಂಗತಿಯನ್ನು ಹೇಳಲಿಲ್ಲ ಅಂತ ‘ಮುಚ್ಚಿಟ್ಟೆ’ ಅನ್ನುವಂತಿಲ್ಲ. ಆದರೆ ನಿಜ ಹೇಳಿದರೆ ಕೆಲಸ ಕೊಡಲೇಬೇಕು ಅಂತ ಎಲ್ಲೂ ಇಲ್ಲ. ಉತ್ತರ ಪ್ರದೇಶದ ಒಬ್ಬ ಕಾನ್‌ಸ್ಟೇಬಲ್ ಅಭ್ಯರ್ಥಿ ಖುಲಾಸೆಯಾದ ಒಂದು ಸಣ್ಣ ಕೇಸನ್ನು ಪ್ರಮಾಣಪತ್ರದಲ್ಲಿ ಹೇಳಲಿಲ್ಲ, 2005ರಲ್ಲಿ ಆಯ್ಕೆ ರದ್ದಾಯಿತು. ಸುಪ್ರೀಂ ಕೋರ್ಟ್ ಅವನ ಪರ ನಿಂತಿತು. ಯಾವಾಗ? 2024ರ ಫೆಬ್ರವರಿಯಲ್ಲಿ. 19 ವರ್ಷ ಆದ ಮೇಲೆ ಗೆದ್ದರೂ ಏನು ಬಂತು ನೀವೇ ಹೇಳಿ.

ಪಾಸ್‌ಪೋರ್ಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬರೀ ಎಫ್‌ಐಆರ್ ಇದ್ದರೆ ತೊಂದರೆ ಕಡಿಮೆ, ಕೋರ್ಟು ಕೇಸನ್ನು ವಿಚಾರಣೆಗೆ ತೆಗೆದುಕೊಂಡ ಮೇಲೆ 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಂ ಅಡ್ಡ ಬರುತ್ತದೆ. ಆಗ ಆ ಕೋರ್ಟಿನ ಅನುಮತಿ ತರಬೇಕು, ಕೋರ್ಟು ಅವಧಿ ಹೇಳದಿದ್ದರೆ ಒಂದೇ ವರ್ಷದ ಪಾಸ್‌ಪೋರ್ಟ್ ಸಿಗುತ್ತದೆ. ಕೇಸು ಮುಗಿದರೆ ಈ ರಗಳೆಯೇ ಇಲ್ಲ.

ಇಂಟರ್ನೆಟ್ಟಿನಲ್ಲಿ ಹೆಸರು ಬರುವುದರ ಬಗ್ಗೆ ಯೋಚನೆ ಇದ್ದರೆ ಒಂದು ವಿಚಿತ್ರ ಕೇಳಿ. ಕೆಳ ಕೋರ್ಟಿನ ಕೇಸು ಇ-ಕೋರ್ಟ್ಸ್ ತಾಣಕ್ಕೇ ಹೋಗಿ ಹುಡುಕಿದರೆ ಸಿಗುತ್ತದೆ. ಹೈಕೋರ್ಟಿನ ಆದೇಶವನ್ನು ತೀರ್ಪು ಸಂಗ್ರಹಿಸುವ ಖಾಸಗಿ ತಾಣಗಳೂ ಎತ್ತಿ ಹಾಕಿಕೊಳ್ಳುತ್ತವೆ, ಗೂಗಲ್‌ನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಸಮೇತ ಬಂದು ಕೂರುತ್ತದೆ. ಅಂದರೆ ಅಳಿಸಲು ಹೋದವರ ಹೆಸರು ಇನ್ನೂ ದಪ್ಪ ಅಕ್ಷರದಲ್ಲಿ ಕಾಣುತ್ತದೆ. 2017ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಒಬ್ಬ ಮಹಿಳೆಯ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಬಾರದ ಹಾಗೆ ನೋಡಿಕೊಳ್ಳಿ ಅಂತ ತನ್ನ ಕಚೇರಿಗೆ ಹೇಳಿತ್ತು. ಬೇರೆ ಹೈಕೋರ್ಟುಗಳಲ್ಲೂ ಇಂಥ ಆದೇಶ ಬಂದಿವೆ. ಆದರೆ ಮದ್ರಾಸ್ ಹೈಕೋರ್ಟಿನ ಅಂಥ ಒಂದು ಆದೇಶಕ್ಕೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಿಮ್ಮದು ಬದುವಿನ ಜಗಳ, ಮುಚ್ಚಿಡಬೇಕಾದ ಸಂಗತಿ ಅಲ್ಲ, ಹಾಗಾಗಿ ಇದಕ್ಕೆ ಬೇರೆ ಅರ್ಜಿ ಹಾಕಿ ದುಡ್ಡು ಸುರಿಯಬೇಡಿ. ಯಾರಾದರೂ ಹುಡುಕಿ ನೋಡಿದರೂ ‘ಸಂಬಂಧಿಕರು, ರಾಜಿ, ಕೇಸು ರದ್ದು’ ಅಂತ ಸಿಗುತ್ತದೆ. ಅರ್ಧ ಮಾಹಿತಿಗಿಂತ ಇದು ವಾಸಿ.

ಖರ್ಚು. ಕೋರ್ಟ್ ಶುಲ್ಕ ಕಡಿಮೆ, ಖರ್ಚೆಲ್ಲ ವಕೀಲರ ಫೀಸು. ಅದಕ್ಕೆ ರೇಟ್ ಕಾರ್ಡ್ ಇಲ್ಲ, ಇಬ್ಬರು ಮೂವರನ್ನು ಕೇಳಿ, ಎರಡೂ ಅರ್ಜಿಗೆ ಸೇರಿಸಿ ಎಷ್ಟು ಅಂತ ಮೊದಲೇ ಮಾತಾಡಿ, ಎರಡೂ ಮನೆಯವರು ಹಂಚಿಕೊಳ್ಳಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯ ಕಡಿಮೆ ಇರುವವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ನಿಮಗೆ 50 ವಯಸ್ಸಾಗಿ, ಊರಲ್ಲೇ ಹೊಲ ಮಾಡಿಕೊಂಡು, ಪಾಸ್‌ಪೋರ್ಟೂ ಬೇಡ ಸರ್ಕಾರಿ ಕೆಲಸವೂ ಬೇಡ ಅನ್ನುವ ಹಾಗಿದ್ದರೆ, ‘ಸುಮ್ನೆ ಇರಿ, ಕೆಳ ಕೋರ್ಟಿನಲ್ಲೇ ಮುಗಿಯುತ್ತೆ’ ಅನ್ನುತ್ತಿದ್ದೆ. 27ಕ್ಕೆ ಆ ಮಾತು ಹೇಳಲಾರೆ. ನೇಮಕಾತಿ ಪಟ್ಟಿ ಬಂದ ಮೇಲೆ ಎದ್ದು ಓಡುವವರೇ ಜಾಸ್ತಿ, ಆಗ ವೆರಿಫಿಕೇಶನ್ ನಿಮಗಾಗಿ ಕಾಯುವುದಿಲ್ಲ.

ಆದೇಶ ಬಂದ ಮೇಲೆ ಸಂಭ್ರಮದಲ್ಲಿ ಜನ ಮರೆಯುವ ಕೆಲಸ ಒಂದಿದೆ. ಸರ್ಟಿಫೈಡ್ ಕಾಪಿ ನಾಲ್ಕೈದು ತೆಗೆಸಿ, ಒಂದನ್ನು ಕೆಳ ಕೋರ್ಟಿಗೆ, ಇನ್ನೊಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇಲ್ಲದಿದ್ದರೆ ಹೈಕೋರ್ಟು ರದ್ದು ಮಾಡಿದ ಕೇಸು ಠಾಣೆಯ ಕಂಪ್ಯೂಟರಿನಲ್ಲಿ ಬಾಕಿ ಅಂತಲೇ ತೋರಿಸುತ್ತಾ ಇರುತ್ತದೆ. ಒಂದು ತಿಂಗಳು ಬಿಟ್ಟು ಇ-ಕೋರ್ಟ್ಸ್‌ನಲ್ಲಿ ನಿಮ್ಮ ಹೆಸರು ನೀವೇ ಹುಡುಕಿ ನೋಡಿ. ಆಮೇಲೆ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟಿಗೆ ಒಂದು ಅರ್ಜಿ ಹಾಕಿ, ಏನು ಬರೆದು ಬರುತ್ತದೆ ಅಂತ ಬೇರೆಯವರು ನೋಡುವ ಮೊದಲು ನೀವು ನೋಡಿದ ಹಾಗಾಗುತ್ತದೆ.

ಸೋಮವಾರ ರಜೆ ಹಾಕಿ ಊರಿಗೆ ಹೋಗಿ. ಕೆಳ ಕೋರ್ಟಿನ ನಿಮ್ಮ ವಕೀಲರಿಂದ ಎಫ್‌ಐಆರ್, ಚಾರ್ಜ್‌ಶೀಟ್, ಆರ್ಡರ್‌ಶೀಟ್ ಮೂರರ ನಕಲು ತೆಗೆದುಕೊಳ್ಳಿ, ಕೌಂಟರ್ ಕೇಸಿನವೂ ಬೇಕು. ಸಂಜೆ ಕಾಕಾನ ಮನೆಗೆ ಹೋಗಿ, ಕಾಕಾನ ಜೊತೆ ಅಲ್ಲ, ಹೊಲಿಗೆ ಹಾಕಿಸಿಕೊಂಡವನ ಜೊತೆ ಕೂತು ಮಾತಾಡಿ. ಧಾರವಾಡಕ್ಕೆ ಬರಬೇಕಾದವನು ಅವನು.